ಕಡಲಗುಹೆಯಲ್ಲಿ ಶಿವದಾರ

ನನ್ನ ಮೊಮ್ಮಗಳು ನಿಶ್ಚಿತಾ ಸಮುದ್ರದ ಗುಹೆಗಳನ್ನು ನೋಡಲೇಬೇಕೆಂದು ಹಟ ಹಿಡಿದದ್ದು ಎರಡು ಸಾವಿರದ ಆರನೆಯ ಇಸವಿಯ ಡಿಸೆಂಬರಿನಲ್ಲಿ. ನಮ್ಮ ಮೈಸೂರಿನ ಲಕ್ಷ್ಮೀಪುರಂನಲ್ಲಿ ಸಾಹಸಪ್ರವಾಸಗಳನ್ನು ಏರ್ಪಡಿಸುವ ಸಣ್ಣದೊಂದು ಕಚೇರಿಯಿತ್ತು. ಕಯಾಕ್ ಎಂಬ ಉದ್ದನೆಯ ಕಿರುದೋಣಿಗಳಲ್ಲಿ ಇಬ್ಬಿಬ್ಬರನ್ನು ಕೂರಿಸಿ, ಮಾರ್ಗದರ್ಶಕನೊಬ್ಬನ ಹಿಂದೆ ಉತ್ತರ ಕನ್ನಡದ ಕಡಲಂಚಿನ ಗುಹೆಗಳೊಳಕ್ಕೆ ಕರೆದೊಯ್ಯುವುದು ಅವರ ಹೊಸ ಏರ್ಪಾಟು. ನಿಶ್ಚಿತಾಳೊಡನೆ ಹೋಗಬೇಕಾಗಿದ್ದವನು ಅವಳ ತಂದೆ, ನನ್ನ ಮಗ ಮಹದೇವಪ್ರಸಾದ್. ಹೊರಡಲು ನಾಲ್ಕು ದಿನವಿರುವಾಗ ಅವನಿಗೆ ಕಾಮಾಲೆ ಹಿಡಿಯಿತು. ಹದಿನೇಳರ ಹುಡುಗಿಯನ್ನು ಒಬ್ಬಳನ್ನೇ ಕಳುಹಿಸುವಂತಿರಲಿಲ್ಲ. ನಾನು ಹೋಗುತ್ತೇನೆಂದೆ.

ನನ್ನ ಹೆಂಡತಿ ಗಿರಿಜಾಂಬಾ ಸೊಪ್ಪು ಸೋಸುತ್ತಿದ್ದವಳು ತಲೆಯೆತ್ತಿ ನೋಡಿದಳು.

“ನೀವಾ? ಅರವತ್ತಾರು ತುಂಬ್ತು ಕಣ್ರೀ ನಿಮಗೆ.”

“ಕಾವೇರಿಯಲ್ಲಿ ಆಚೆ ದಡಕ್ಕೆ ಈಜಿದವನು ನಾನು.”

“ಯಾವ ಕಾಲ್ದಲ್ಲಿ? ಲಂಗೋಟಿ ಕಾಲ್ದಲ್ಲಿ! ಈಗ ಬಚ್ಚಲಲ್ಲಿ ಕಾಲು ಜಾರುತ್ತೆ ಅಂತ ಗೋಡೆ ಹಿಡ್ಕೋತೀರಿ.”

ನಿಶ್ಚಿತಾ ಬಿದ್ದುಬಿದ್ದು ನಕ್ಕಳು. ಆ ನಗೆಯೇ ನನ್ನನ್ನು ಹೊರಡಿಸಿತು ಎನ್ನಬೇಕು. ಮಠವೊಂದರ ಉಚಿತ ವಿದ್ಯಾರ್ಥಿನಿಲಯದಲ್ಲಿ ಮೂವತ್ತೊಂದು ವರ್ಷ ಮೇಲ್ವಿಚಾರಕನಾಗಿದ್ದವನು ನಾನು. ನನ್ನೆದುರು ಜನ ನಕ್ಕದ್ದು ಕಡಿಮೆ.

ಅಲ್ಲಿ ನಾನು ನಡೆಸಿಕೊಂಡು ಬಂದ ಒಂದು ಕಟ್ಟಳೆಯನ್ನು ಹೇಳದೆ ಮುಂದಿನ ಮಾತು ತಿಳಿಯದು. ದಿನವೂ ಬೆಳಗಿನ ತಿಂಡಿಗೆ ಮೊದಲು ಹುಡುಗರು ಸಾಲಾಗಿ ನಿಂತು ಕೊರಳಿನ ಶಿವದಾರವನ್ನೆತ್ತಿ ಇಷ್ಟಲಿಂಗವನ್ನು ತೋರಿಸಬೇಕಾಗಿತ್ತು. ಎದೆಯ ಮೇಲೆ ಲಿಂಗವಿಲ್ಲದವನಿಗೆ ತಟ್ಟೆಯಿಲ್ಲ. ಗುರು ಕೈಗಿತ್ತ ಲಿಂಗ ಉಸಿರಿರುವತನಕ ಮೈಯನ್ನು ಬಿಡಕೂಡದು, ಲಿಂಗ ಹೋದ ಮೇಲೆ ಪ್ರಾಣವಿರಿಸಿಕೊಳ್ಳುವುದು ಲಜ್ಜೆಗೇಡು ಎಂದು ನಾನು ಆ ಮಕ್ಕಳಿಗೆ ಹೇಳಿಕೊಟ್ಟೆ. ನನ್ನದು ಬೆಳ್ಳಿಯ ಕರಡಿಗೆಯೊಳಗೆ, ಹುರಿಮಾಡಿದ ದಪ್ಪ ನೂಲಿನ ದಾರದಲ್ಲಿ, ಹನ್ನೊಂದನೆಯ ವಯಸ್ಸಿನಿಂದ ನನ್ನ ಎದೆಯ ಮೇಲಿತ್ತು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೂ ಅದನ್ನು ತೋಳಿಗೆ ಕಟ್ಟಿಸಿಕೊಂಡು ಮಲಗಿದವನು ನಾನು.

ಮಾರ್ಗದರ್ಶಕ ಸ್ಯಾಮ್ಯುಯೆಲ್ ಕೂಡ ಮೈಸೂರಿನವನೇ. ಲಕ್ಷ್ಮೀಪುರಂನಲ್ಲಿ ಹೊಲಿಗೆಯಂಗಡಿ ಇಟ್ಟಿದ್ದ ಸಂತಿಯಾಗು ಎಂಬವರ ಮಗ. ಇಪ್ಪತ್ತೆಂಟರ ಪ್ರಾಯ, ಬಿಸಿಲಿಗೆ ಕಪ್ಪಾದ ಮೈ, ಸೊಂಟದಲ್ಲಿ ಒರೆ ಹಾಕಿದ ಸಣ್ಣ ಚಾಕು. ಕಡಲದಂಡೆಯ ಮೇಲೆ ನಮ್ಮ ಆರು ಜನರನ್ನೂ ನಿಲ್ಲಿಸಿ ಒಬ್ಬೊಬ್ಬರಿಗೂ ಲೈಫ್ ಜಾಕೆಟ್ ತೊಡಿಸಿ, ಮೂರು ಬಕಲ್‌ಗಳನ್ನೂ ಹಾಕಿ, ಪಟ್ಟಿಗಳನ್ನು ಜಗ್ಗಿ ನೋಡುತ್ತ ಬಂದ. ನನ್ನ ಎದೆಯ ಬಳಿ ಅವನ ಕೈ ತಡೆಯಿತು.

“ಸಾರ್, ಒಳಗಡೆ ಏನೋ ಗಟ್ಟಿ ಸಿಗ್ತಾ ಇದೆ.”

“ಕರಡಿಗೆ.”

“ಅದನ್ನ ನೀರು ಹೋಗದಿರೋ ಡಬ್ಬೀಲಿ ಹಾಕಿ ನಿಮ್ಮ ದೋಣೀಲೇ, ನಿಮ್ಮ ಕಾಲ ಹತ್ರಾನೇ ಕಟ್ತೀನಿ. ನೋಡಿ, ನನ್ನ ಶಿಲುಬೇನೂ ಅದರಲ್ಲೇ ಇರೋದು.”

“ನಿನ್ನ ಶಿಲುಬೆಯ ನಿಯಮ ನಿನಗೆ ಗೊತ್ತು. ಇದು ಮೈ ಬಿಡೋ ಹಾಗಿಲ್ಲ.”

ಅವನು ವಾದಿಸಲಿಲ್ಲ. “ಹಾಗಾದ್ರೆ ಅಂಗಿಯೊಳಗೇ ಇರ್ಲಿ ಸಾರ್. ಮೇಲೆ ಜಾಕೆಟ್ ಬಿಗಿಯಾಗಿರ್ಬೇಕು ಅಷ್ಟೇ. ಸ್ವಲ್ಪ ಒತ್ತುತ್ತೆ, ತಡ್ಕೊಳ್ಳಿ,” ಎಂದು ಪಟ್ಟಿಗಳನ್ನು ಎಳೆದು ಬಿಗಿದ.

ಒತ್ತಿದ್ದನ್ನು ನಾನು ತಡೆದುಕೊಳ್ಳಬಲ್ಲವನಾಗಿದ್ದೆ. ಆದರೆ ಆ ಜಾಕೆಟ್ಟು ಯಾರುಯಾರದೋ ಬೆವರನ್ನು ಕುಡಿದು ಹುಳಿನಾರುತ್ತಿತ್ತು. ಅದರಡಿಯಲ್ಲಿ ನನ್ನ ಲಿಂಗವನ್ನು ಅದುಮಿಡುವುದೆ? ಸ್ಯಾಮ್ಯುಯೆಲ್ ಬೇರೆಯವರ ದೋಣಿಗಳನ್ನು ನೀರಿಗೆ ನೂಕುತ್ತಿದ್ದಾಗ, ನಾನು ಬೆನ್ನು ತಿರುಗಿಸಿ ಮೇಲಿನ ಎರಡು ಬಕಲ್‌ಗಳನ್ನು ಬಿಚ್ಚಿದೆ. ಕರಡಿಗೆಯನ್ನು ಹೊರತೆಗೆದು ಜಾಕೆಟ್ಟಿನ ಮೇಲೆ ಇಳಿಬಿಟ್ಟೆ. ಬಕಲ್‌ಗಳನ್ನು ಮತ್ತೆ ಹಾಕದೆ, ಬಿಸಿಲಿಗೆಂದು ತಂದಿದ್ದ ಬಿಳಿಯ ಶಲ್ಯವನ್ನು ಅದರ ಮೇಲೆ ಹೊದೆದುಕೊಂಡೆ. ಆ ಕ್ಷಣದಲ್ಲಿ ನನಗೆ ತಪ್ಪು ಮಾಡಿದೆನೆಂಬ ಅಳುಕು ಒಂದಿಷ್ಟೂ ಇರಲಿಲ್ಲ. ಮುಂದುಗಡೆ ನಿಶ್ಚಿತಾ, ಹಿಂದುಗಡೆ ನಾನು. ಹೊರಟೆವು.

ಹೊರಗಿನ ಕಡಲು ತಕ್ಕಮಟ್ಟಿಗೆ ಶಾಂತವಾಗಿತ್ತು. ಅರ್ಧಗಂಟೆ ಹುಟ್ಟುಹಾಕಿದ ಮೇಲೆ ಕಪ್ಪು ಬಂಡೆಗಳ ಗೋಡೆಯೊಂದು ಎದುರಾಯಿತು. ಅದರ ಬುಡದಲ್ಲಿ, ಎತ್ತಿನ ಗಾಡಿಯೊಂದು ನುಸುಳುವಷ್ಟು ಅಗಲದ ಬಾಯಿ. ಅಲೆ ಬಂದಾಗ ಆ ಬಾಯಿ ಅರ್ಧ ಮುಚ್ಚುತ್ತಿತ್ತು. ಅಲೆ ಹಿಂದೆಗೆದಾಗ ಒಳಗಿನಿಂದ ದೊಡ್ಡ ಪ್ರಾಣಿಯೊಂದು ಗಂಟಲಲ್ಲಿ ಕಫ ಎಳೆದಂತಹ ಸದ್ದು ಬರುತ್ತಿತ್ತು. ನಾನು ಕಂಡ ನೀರೆಲ್ಲ ಒಂದೇ ದಿಕ್ಕಿಗೆ ಹರಿಯುವ ನೀರು. ಈ ನೀರು ಹೋಗುತ್ತಿತ್ತು, ಹೋದದ್ದು ಮರಳಿ ಬರುತ್ತಿತ್ತು, ಬರುವಾಗ ಇನ್ನಷ್ಟು ಬಲ ಕೂಡಿಸಿಕೊಂಡು ಬರುತ್ತಿತ್ತು.

“ಒಂದೊಂದೇ ದೋಣಿ ಬರ್ಬೇಕು,” ಎಂದು ಸ್ಯಾಮ್ಯುಯೆಲ್ ತನ್ನ ಒಂಟಿದೋಣಿಯಿಂದ ಕೂಗಿ ಹೇಳಿದ. “ಮಿಕ್ಕೋರು ಇಲ್ಲೇ ದೂರದಲ್ಲಿರಿ. ಒಳಗಡೆ ಎರಡೂ ಕೈ ಹುಟ್ಟಿನ ಮೇಲೇ ಇರ್ಬೇಕು. ಗೋಡೆಗೆ ಕೈ ಕೊಡ್ಬೇಡಿ. ಮೊದಲು ಯಾರು?”

“ನಾವು!” ಎಂದಳು ನಿಶ್ಚಿತಾ. ಆಮೇಲೆ ತಿರುಗಿ, “ತಾತ, ಭಯ ಆಗ್ತಿದ್ಯಾ? ಆದ್ರೆ ಹೇಳ್ಬುಡಿ, ಅಜ್ಜಿಗೆ ಹೇಳಲ್ಲ,” ಎಂದು ಕಣ್ಣು ಮಿಟುಕಿಸಿದಳು.

“ಮುಂದೆ ನೋಡಿಕೊಂಡು ಹುಟ್ಟುಹಾಕು,” ಎಂದೆ. ಭಯವಾಗಿದೆಯೆಂದು ಹೇಳಿಬಿಟ್ಟಿದ್ದರೆ!

ಒಂದು ಅಲೆ ಇಳಿಯುವುದನ್ನೇ ಕಾದು ಸ್ಯಾಮ್ಯುಯೆಲ್ ಒಳಹೊಕ್ಕ. ಅವನ ಹಿಂದೆ ನಾವು. ಬೆಳಕು ಬೆನ್ನ ಹಿಂದೆ ಕುಗ್ಗಿ ಒಂದು ತಟ್ಟೆಯಷ್ಟಾಯಿತು. ಮೇಲೆ ಕೈಗೆಟುಕುವಷ್ಟು ಹತ್ತಿರದಲ್ಲಿ ಬಂಡೆ ತೊಟ್ಟಿಕ್ಕುತ್ತಿತ್ತು. ಒಳಗೆ ಕೋಣೆಯಂತಹ ಒಂದು ಬಯಲು. ಅಲ್ಲಿ ನೀರು ಹಸುರಾಗಿ ಹೊಳೆಯುತ್ತಿತ್ತು. ನಿಶ್ಚಿತಾ “ಅಬ್ಬಾ!” ಎಂದಳು, ಗೋಡೆಗಳು ಅದನ್ನು ನಾಲ್ಕು ಬಾರಿ ಹೇಳಿದವು. ನನಗೆ ಹಸುರು ಕಾಣಲಿಲ್ಲ. ನನಗೆ ಕಂಡದ್ದು ಗೋಡೆಯ ಮೇಲಿನ ಒದ್ದೆಯ ಗೆರೆ. ಅದು ನನ್ನ ತಲೆಗಿಂತ ಎರಡು ಮೊಳ ಎತ್ತರದಲ್ಲಿತ್ತು. ನೀರು ಅಲ್ಲಿಯತನಕ ಏರುತ್ತದೆಂದಾಯಿತು.

“ದೊಡ್ಡದೊಂದು ಬರ್ತಾ ಇದೆ,” ಸ್ಯಾಮ್ಯುಯೆಲನ ದನಿ ಬದಲಾಗಿತ್ತು. “ದೋಣಿ ಮೂತಿ ಬಾಯಿ ಕಡೆಗೆ ತಿರುಗ್ಸಿ. ಹುಟ್ಟು ಹಾಕಿ ಸಾರ್, ಬಲಗಡೆ, ಬಲಗಡೆ!”

ಹಿಂದಿನ ಬೆಳಕಿನ ತಟ್ಟೆ ಆರಿಹೋಯಿತು. ದೋಣಿ ಹಠಾತ್ತನೆ ಮೇಲೆದ್ದಿತು. ಶಲ್ಯ ಜಾರಿತು; ಕರಡಿಗೆ ತೂಗಿ ಬಂದು ನನ್ನ ಗದ್ದಕ್ಕೆ ಬಡಿಯಿತು. ನನ್ನ ಎರಡು ಕೈಗಳೂ ಹುಟ್ಟನ್ನು ಬಿಟ್ಟು ಅದನ್ನು ಹಿಡಿದವು. ಆ ಕೈಗಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಐವತ್ತೈದು ವರ್ಷಗಳ ಅಭ್ಯಾಸ. ದೋಣಿ ಅಡ್ಡ ತಿರುಗಿತು. ಅಲೆ ಅದನ್ನು ಮೊರದಂತೆ ಮಗುಚಿ ಹಾಕಿತು.

ನೀರಿನಡಿಯಲ್ಲಿ ಕತ್ತಲೆ. ಬಿಚ್ಚಿದ್ದ ಜಾಕೆಟ್ಟು ಮೇಲಕ್ಕೆ ಸರಿದು ನನ್ನ ಬಾಯಿಮೂಗುಗಳನ್ನು ಮುಚ್ಚಿತು. ಅದು ನನ್ನನ್ನು ಮೇಲಕ್ಕೆ ಎಳೆಯುತ್ತಿತ್ತು. ಬೇರೇನೋ ನನ್ನ ಕೊರಳನ್ನು ಹಿಡಿದು ಕೆಳಗೆ ನಿಲ್ಲಿಸಿತ್ತು. ಶಿವದಾರ ಮಗುಚಿದ ದೋಣಿಯ ಪಕ್ಕದ ಹಿಡಿಗೆ ಸುತ್ತಿಕೊಂಡಿದೆಯೆಂದು ಕೈಯಾಡಿಸಿದಾಗ ತಿಳಿಯಿತು. ಜಗ್ಗಿದೆ. ನನ್ನ ಕೈಯಾರೆ ಹುರಿಮಾಡಿದ ನೂಲು, ಹರಿಯಲಿಲ್ಲ. ಬಾಯಿಗೆ ಉಪ್ಪುನೀರು ನುಗ್ಗಿತು.

ಯಾರೋ ನನ್ನ ತೋಳನ್ನು ಹಿಡಿದರು. ಚಿಕ್ಕ ಕೈ. ಅಲೆ ಇಳಿದು ನನ್ನ ಕಿವಿಯೊಂದು ಮೇಲೆ ಬಂದಾಗ “ತಾತಾ! ತಾತಾ!” ಎಂಬುದು ಕೇಳಿಸಿತು, ಮತ್ತೆ ಮುಚ್ಚಿಹೋಯಿತು. ನಿಶ್ಚಿತಾ ತೇಲಿಕೊಂಡು ಹೊರಗೆ ಹೋಗಬಹುದಾಗಿತ್ತು. ಹೋಗಿರಲಿಲ್ಲ.

ಆಗ ಸ್ಯಾಮ್ಯುಯೆಲ್ ಬಂದ. ಅವನ ಬೆರಳುಗಳು ನನ್ನ ಕೊರಳಿನ ಬಳಿ ತಡಕಾಡಿ ದಾರವನ್ನು ಹುಡುಕಿಕೊಂಡವು. ಚಾಕುವಿನ ತಣ್ಣನೆಯ ಬೆನ್ನು ಚರ್ಮಕ್ಕೆ ತಾಗಿತು. ನಾನು ಅವನ ಮಣಿಕಟ್ಟನ್ನು ಹಿಡಿದುಕೊಂಡೆ.

ಇದನ್ನು ಬರೆಯಲು ನನಗೆ ಭಯವಾಗುತ್ತದೆ; ಆದರೂ ಬರೆಯುತ್ತೇನೆ. ಉಸಿರಿಲ್ಲದೆ, ಕಣ್ಣಿಲ್ಲದೆ, ನನ್ನನ್ನು ಬದುಕಿಸಲು ಬಂದವನ ಕೈಯನ್ನು ನನ್ನಲ್ಲಿ ಉಳಿದಿದ್ದ ಬಲವನ್ನೆಲ್ಲ ಹಾಕಿ ತಡೆದೆ. ಕತ್ತರಿಸಬೇಡ ಎಂದು ಆ ಹಿಡಿತ ಹೇಳುತ್ತಿತ್ತು. ಅವನು ಎಳೆದ, ನಾನು ಬಿಡಲಿಲ್ಲ. ಪ್ರಾಣ ಹೋಗಲಿ ಎಂದು ನಾನು ನಿಜವಾಗಿಯೂ ನಿಶ್ಚಯಿಸಿದ್ದೆ.

ಮುಂದಿನ ಅಲೆ ಬಂತು. ದೋಣಿ ಗೋಡೆಗೆ ಅಪ್ಪಳಿಸಿತು. ದೋಣಿಗೂ ಗೋಡೆಗೂ ನಡುವೆ ನಿಶ್ಚಿತಾ ಇದ್ದಳು. ಅವಳ ಮೈ ಬಂಡೆಗೆ ಬಡಿದ ಪೆಟ್ಟು, ಅವಳು ಹಿಡಿದಿದ್ದ ನನ್ನ ತೋಳಿನ ಮೂಲಕ ನನ್ನ ಎಲುಬಿಗೆ ತಲುಪಿತು. ಅವಳ ಬೆರಳುಗಳು ಸಡಿಲಗೊಂಡವು. ಮರುಗಳಿಗೆಯೇ ಮತ್ತೆ ಬಿಗಿದವು. ನಾನು ಬಿಡುವತನಕ ಆ ಮಗು ಬಿಡುವುದಿಲ್ಲ. ಇನ್ನೊಂದು ಅಲೆಗೆ ಅವಳ ತಲೆ ಒಡೆಯುತ್ತದೆ. ನನ್ನ ನಿಶ್ಚಯದಲ್ಲಿ ಎರಡನೆಯ ಪ್ರಾಣದ ಲೆಕ್ಕವಿರಲಿಲ್ಲ.

ಸ್ಯಾಮ್ಯುಯೆಲನ ಮಣಿಕಟ್ಟನ್ನು ಬಿಟ್ಟೆ.

ದಾರ ತುಂಡಾದದ್ದು ಸದ್ದಿಲ್ಲದೆ. ಎದೆಯ ಮೇಲಿಂದ ಸಣ್ಣದೊಂದು ಭಾರ ಜಾರಿ, ನನ್ನ ತೊಡೆಯನ್ನು ಸವರಿಕೊಂಡು ಕೆಳಗಿಳಿಯಿತು. ಕೈ ಚಾಚಿದೆ. ನೀರಲ್ಲದೆ ಏನೂ ಸಿಗಲಿಲ್ಲ.

ನಾವು ಹೊರಗೆ ಬಂದದ್ದು ನನಗೆ ತುಣುಕುತುಣುಕಾಗಿ ನೆನಪಿದೆ. ಸ್ಯಾಮ್ಯುಯೆಲನ ದೋಣಿಯ ಬಾಲಕ್ಕೆ ನಾವಿಬ್ಬರೂ ಜೋತುಬಿದ್ದಿದ್ದೆವು. ಬೆಳಕು ಕಣ್ಣಿಗೆ ಇರಿಯಿತು. ಕಾದಿದ್ದವರು ನಮ್ಮನ್ನು ತಮ್ಮ ದೋಣಿಗಳಿಗೆ ಎಳೆದುಕೊಂಡರು. ನಿಶ್ಚಿತಾಳ ಭುಜದ ಚರ್ಮ ಕಿತ್ತುಹೋಗಿ ರಕ್ತ ಸೋರುತ್ತಿತ್ತು, ಹಲ್ಲು ಕಟಕಟಿಸುತ್ತಿದ್ದವು. ನನ್ನ ಕೈ ಎದೆಯ ಮೇಲೆ ಹೋಯಿತು, ಬರಿದಾದುದನ್ನು ಮುಟ್ಟಿ ಹಿಂದಕ್ಕೆ ಬಂತು, ಮತ್ತೆ ಹೋಯಿತು.

ಸ್ಯಾಮ್ಯುಯೆಲ್ ಅದನ್ನು ನೋಡಿದ.

“ಸಾರ್, ತಳ ಅಷ್ಟು ಆಳ ಇಲ್ಲ. ಒಂದ್ಸಲ ಮುಳುಗಿ ನೋಡ್ಕೊಂಡು ಬಂದ್ಬುಡ್ಲಾ?”

ನಾನು ಬೇಡವೆನ್ನಲಿಲ್ಲ. ನಾಲಗೆ ಏಳಲಿಲ್ಲವೆಂದರೆ ಸುಳ್ಳಾದೀತು. ಅವನು ಹೋಗಲಿ ಎಂದು ನನ್ನ ಮನಸ್ಸು ಬಯಸಿತು. ಅವನು ದೋಣಿಯನ್ನು ತಿರುಗಿಸಿದ. ಎರಡು ಬಾರಿ ಹುಟ್ಟು ಬೀಸಿದ.

“ತಾತ, ಬೇಡ ಅನ್ನಿ!” ನಿಶ್ಚಿತಾ ಕಿರುಚಿದಳು. “ಬೇಡ ಅನ್ನಿ ತಾತ! ಅವ್ರು ಸತ್ತೋಗ್ತಾರೆ!”

ಆಗ ಹೊರಗಡಲಿನಿಂದ ಗುಡ್ಡದಂತೆ ಮೂರು ಅಲೆಗಳು ಒಂದರ ಹಿಂದೊಂದು ಬಂದವು. ಗುಹೆಯ ಬಾಯಿ ಪೂರ್ತಿ ಮುಚ್ಚಿಹೋಯಿತು. ಒಳಗೆಲ್ಲೋ ಸಿಡಿಲಿನಂತಹ ಸದ್ದಾಯಿತು. ಬಂಡೆಯ ಬಿರುಕಿನಿಂದ ನೀರು ಹೊಗೆಯಾಗಿ ಚಿಮ್ಮಿತು. ಸ್ಯಾಮ್ಯುಯೆಲ್ ಬಾಯಿಯಿಂದ ಹತ್ತು ಮಾರು ದೂರದಲ್ಲಿದ್ದ. ಅಲೆಗಳ ಏರಿಳಿತದಲ್ಲಿ ಅವನ ತಲೆ ಒಮ್ಮೆ ಕಾಣುತ್ತ, ಒಮ್ಮೆ ಇಲ್ಲವಾಗುತ್ತ ಇತ್ತು.

“ಬೇಡ ಕಣಪ್ಪ! ವಾಪಸ್ ಬಾ! ಬಾರೋ!” ಎಂದು ಕೂಗಿದೆ. ದನಿ ಒಡೆದು ಕಾಗೆಯದಾಯಿತು. ಅವನಿಗೆ ಕೇಳಿಸಿತೋ ಇಲ್ಲವೋ ತಿಳಿಯದೆ ಮತ್ತೆಮತ್ತೆ ಕೂಗಿದೆ. ಆ ಮೂರು ಅಲೆಗಳು ಕಳೆಯುವಷ್ಟರಲ್ಲಿ ನಾನು ಪಟ್ಟ ಭಯ ನೀರಿನಡಿಯಲ್ಲಿಯೂ ಪಟ್ಟಿರಲಿಲ್ಲ. ಅಲ್ಲಿ ಸಾಯಲಿದ್ದವನು ನಾನು. ಇಲ್ಲಿ ನನ್ನ ಮೌನದಿಂದ ಒಬ್ಬರ ಮನೆಯ ಮಗ ಸಾಯಲಿದ್ದ. ಕೊನೆಗೆ ದೋಣಿಯ ಮೂತಿ ನಮ್ಮತ್ತ ತಿರುಗಿತು.

ದಂಡೆಯಲ್ಲಿ ಅವನು ನಿಶ್ಚಿತಾಳ ಭುಜವನ್ನು ತೊಳೆದು ಬಟ್ಟೆ ಕಟ್ಟಿದ. ಕಟ್ಟುತ್ತಲೇ ತನ್ನಷ್ಟಕ್ಕೆ ಗೊಣಗುತ್ತಿದ್ದ.

“ಮೂರು ಬಕಲ್ಲೂ ನಾನೇ ಹಾಕಿದ್ದೆ. ಜಗ್ಗಿ ನೋಡಿದ್ದೆ. ಎಂಗೆ ಬಿಚ್ಕೊಳ್ತು? ಆಫೀಸಲ್ಲಿ ಏನಂತ ಹೇಳ್ಲಿ? ಕೈತಪ್ಪಾಗಿರ್ಬೇಕು ಸಾರ್, ನಂದೇ. ನಾಳೆಯಿಂದ ನನ್ನ ಕೈಗೆ ಯಾರನ್ನೂ ಕೊಡಲ್ಲ.”

ಸುಮ್ಮನಿದ್ದಿದ್ದರೆ ಅದು ಅವನ ತಪ್ಪಾಗಿಯೇ ಉಳಿಯುತ್ತಿತ್ತು.

“ನಿನ್ನ ಕೈತಪ್ಪಲ್ಲ. ನಾನು ಬಿಚ್ಚಿದೆ,” ಎಂದೆ. “ನೀನು ಆ ಕಡೆ ತಿರುಗಿದ್ದಾಗ ಎರಡು ಬಕಲ್ ಬಿಚ್ಚಿ ಕರಡಿಗೆ ಹೊರಗೆ ಹಾಕಿಕೊಂಡೆ. ನಿನಗೆ ಕಾಣಬಾರದೆಂದು ಶಲ್ಯ ಹೊದೆದೆ.”

ಅವನ ಕೈ ನಿಂತಿತು. ನನ್ನನ್ನು ನೋಡಿದ. ಬೈಯುತ್ತಾನೆಂದುಕೊಂಡೆ, ಬೈಯಲಿ ಎಂದೂ ಬಯಸಿದೆ.

“ಮುಂದೆ ಮಗು ಕೂತಿತ್ತಲ್ಲ ಸಾರ್,” ಎಂದ. ಅಷ್ಟೇ. ಎದ್ದು ದೋಣಿಗಳತ್ತ ನಡೆದುಬಿಟ್ಟ.

ನಿಶ್ಚಿತಾ ಮರಳಿನ ಮೇಲೆ ಕಂಬಳಿ ಹೊದ್ದು ಕುಳಿತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಪಕ್ಕದಲ್ಲಿ ಕೂರಲು ಧೈರ್ಯವಾಗದೆ ನಾನು ಒಂದು ಮಾರು ದೂರದಲ್ಲಿ ಕುಳಿತೆ. ಬಾಯಿಯೆಲ್ಲ ಉಪ್ಪು. ನೀರಿನ ಶೀಸೆ ಅವಳ ಬಳಿಯಿತ್ತು. ಎದೆಯ ಮೇಲೆ ಲಿಂಗವಿಲ್ಲದೆ ನಾನು ಒಂದು ಗುಟುಕೂ ಕುಡಿಯುವವನಲ್ಲವೆಂದು ಅವಳಿಗೆ ಗೊತ್ತು. ಆದ್ದರಿಂದ ಅವಳು ಕೊಡಲೂ ಇಲ್ಲ, ತಾನೂ ಕುಡಿಯಲಿಲ್ಲ.

“ಮತ್ತೆ ಲಿಂಗ ಕಟ್ಟಿಸ್ಕೊಳ್ಳೋಕೆ ಮಠಕ್ಕೆ ಹೋಗ್ಬೇಕಲ್ವಾ?” ಎಂದಳು ಕೊನೆಗೆ, ಕಡಲನ್ನೇ ನೋಡುತ್ತ.

“ಹೋಗಬೇಕು.”

“ಎಂಗೆ ಹೋಯ್ತು ಅಂತ ಬುದ್ಧಿಯವರು ಕೇಳ್ತಾರಾ?”

“ಸ್ವಾಮಿಗಳು ಕೇಳದೆ ಇರುತ್ತಾರೆಯೆ? ನಾನು ಎಷ್ಟು ಮಕ್ಕಳನ್ನು ಕೇಳಿಲ್ಲ.”

“ಏನಂತೀರಿ?”

“ಹೋದದ್ದು ಹೇಗೋ ಹಾಗೆ ಹೇಳುತ್ತೇನೆ.”

“ಬಕಲ್ ಬಿಚ್ಚಿದ್ದು?”

“ಹೇಳುತ್ತೇನೆ.”

“ಚಾಕು ಹಿಡಿದ ಕೈನ ನೀವು ಹಿಡ್ಕೊಂಡಿದ್ದು?”

ಅವಳಿಗೆ ಅದೂ ಗೊತ್ತಿತ್ತು. ಮೂವತ್ತೊಂದು ವರ್ಷ ಮಕ್ಕಳಿಂದ ಉತ್ತರ ಕೇಳಿದವನು ಈಗ ಒಂದು ಮಗುವಿಗೆ ಉತ್ತರ ಕೊಡಬೇಕಾಗಿತ್ತು.

“ಅದನ್ನೂ ಹೇಳುತ್ತೇನಮ್ಮ. ಅವರು ಮತ್ತೆ ಕಟ್ಟದಿದ್ದರೂ ಸರಿಯೆ.”

ಅವಳು ಶೀಸೆಯ ಮುಚ್ಚಳ ತೆಗೆದಳು. ಮೊದಲು ತಾನು ಒಂದು ಗುಟುಕು ಕುಡಿದಳು. ಆಮೇಲೆ ನನ್ನತ್ತ ಚಾಚಿ, ಕೈಯನ್ನು ಹಿಂದೆಗೆಯದೆ ಹಿಡಿದುಕೊಂಡೇ ಇದ್ದಳು. ನಾನು ಅದನ್ನು ತೆಗೆದುಕೊಂಡು ಕುಡಿದೆ.