ಹಂಡೆ ನೀರು

"ಏಳವ್ವ, ನೀರು ಕಾದದೆ," ಎನ್ನುತ್ತ ದೊಡ್ಡಬಸಮ್ಮ ಮಗಳ ಹೊದಿಕೆ ಎಳೆದಳು. ನಾಗಶ್ರೀ ಗೋಡೆಯ ಕಡೆ ಹೊರಳಿದಳು.

ಚೊಚ್ಚಲ ಹೆರಿಗೆಗೆಂದು ಹೊನ್ನೂರಿನಿಂದ ಕಾಮಗೆರೆಯ ತವರಿಗೆ ಬಂದವಳು. ಕೂಸು ಹೊಟ್ಟೆಯಲ್ಲೇ ತೀರಿಹೋಗಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಅತ್ತಿರಲಿಲ್ಲ, ನೆಟ್ಟಗೆ ಒಂದು ತುತ್ತು ನುಂಗಿರಲಿಲ್ಲ. ಹಾಲು ಕಟ್ಟಿದ ಎದೆಗೆ ರವಿಕೆ ತಾಗಿದರೂ ನೋವು. ಹೀಗೇ ಬಿಟ್ಟರೆ ಮಗಳೂ ಕೈತಪ್ಪಿ ಹೋಗುತ್ತಾಳೆಂಬ ಹೆದರಿಕೆ ಹೊಕ್ಕ ಬೆಳಿಗ್ಗೆಯೇ ದೊಡ್ಡಬಸಮ್ಮ ಹಂಡೆಗೆ ಉರಿ ಹಾಕಿದ್ದಳು.

ಬಾಣಂತನಕ್ಕೆ ಕೂಡಿಟ್ಟಿದ್ದ ಮೆಣಸು, ಬೆಳ್ಳುಳ್ಳಿ, ಹರಳೆಣ್ಣೆ, ಸೊಂಟಕ್ಕೆ ಸುತ್ತುವ ಹಳೆಯ ಸೀರೆ ಎಲ್ಲವೂ ಅಟ್ಟದ ಮೇಲೇ ಇದ್ದವು. ಕೂಸಿಲ್ಲದವಳಿಗೆ ಬಾಣಂತನ ಮಾಡುವ ರೂಢಿ ಊರಲ್ಲಿರಲಿಲ್ಲ. ಏನೂ ಆಗಿಲ್ಲವೆಂಬಂತೆ ಇದ್ದುಬಿಡುವುದೇ ರೂಢಿ. ಹಿತ್ತಿಲಲ್ಲಿ ಹೊಗೆ ಕಂಡ ಪಕ್ಕದ ಮನೆಯ ಶಿವರತ್ನಮ್ಮ ತಡೆಯಲಾರದೆ ಬಂದೇಬಿಟ್ಟಳು.

"ಇದೇನಕ್ಕ, ಕೂಸಿಲ್ದೆ ಬಾಣಂತನವಾ? ನೋಡ್ದೋರು ಆಡ್ಕತಾರೆ. ಅವ್ಳೂ ಮರ್ತೋಗ್ಲಿ ಬುಡು."

"ಅವ್ಳು ಮರ್ತಾಳು, ಅವ್ಳ ಮೈ ಮರ್ತದಾ? ಸೊಂಟ ನೋಯದು ಸುಳ್ಳಾ, ಹಾಲು ಕಟ್ಕಂಡಿರದು ಸುಳ್ಳಾ? ಆಡ್ಕಳೋರು ಆಡ್ಕಳ್ಲಿ. ನೀ ಓಗಿ ಮಲ್ಲಿಗೆ ಹೂವ ಬುಡಿಸ್ಕಂಡು ಬಾ. ಎದೆಗಿಟ್ಟು ಕಟ್ಟುದ್ರೆ ಹಾಲು ಇಂಗ್ತದೆ."

ದೊಡ್ಡಬಸಮ್ಮನ ಜೊತೆ ವಾದಕ್ಕೆ ನಿಂತು ಗೆದ್ದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಶಿವರತ್ನಮ್ಮ ಹೂವಿಗೆ ಹೋದಳು.

ಮಗಳನ್ನು ರಟ್ಟೆ ಹಿಡಿದು ಎಬ್ಬಿಸಿ ಬಚ್ಚಲಿಗೆ ಕರೆತರುವಷ್ಟರಲ್ಲಿ ತಾಯಿಗೆ ಏದುಸಿರು ಬಂದಿತ್ತು. "ಬ್ಯಾಡ ಕಣವ್ವ. ಇನ್ ಯಾರಿಗೋಸ್ಕರ?" ಎಂದಳು ನಾಗಶ್ರೀ.

"ನಂಗೋಸ್ಕರ. ಕೂತ್ಕ."

ಬಿಸಿ ಮಾಡಿದ ಹರಳೆಣ್ಣೆಯನ್ನು ಅಂಗಾಲಿಗೆ, ಮೀನಖಂಡಕ್ಕೆ, ಬೆನ್ನಿಗೆ ತಿಕ್ಕಿದಳು. ಸೊಂಟದ ಗಂಟಿಗೆ ಹೆಬ್ಬೆರಳು ಒತ್ತಿದಾಗ ನಾಗಶ್ರೀ ನರಳಿದಳು. ಬಿಗಿದುಕೊಂಡಿದ್ದ ಹೆಗಲು ಇಷ್ಟಿಷ್ಟೇ ಇಳಿಯಿತು. ಬಗ್ಗಿಸಿ ನೀರು ಹುಯ್ದಾಗ "ಸುಡ್ತದೆ ಕಣವ್ವ!" ಎಂದು ಚೀರಿದಳು. ಆ ಚೀರಾಟ ಕೇಳಿ ದೊಡ್ಡಬಸಮ್ಮನಿಗೆ ಹೋದ ಜೀವ ಬಂದಂತಾಯಿತು.

ಆ ಬೀದಿಯ ಕೂಸುಗಳಿಗೆಲ್ಲ ನೀರು ಹುಯ್ದ ಕೈ ಅವಳದು. ಬಾಣಂತಿಯ ಸರದಿ ಮುಗಿದರೆ ಮುಂದಿನದು ಕೂಸಿನದು. ಅವಳ ಕೈ ತನ್ನ ಪಾಡಿಗೆ ಮಣೆ ಎಳೆದುಕೊಂಡಿತು. ಸೀರೆಯನ್ನು ಮೊಣಕಾಲಿಗೆ ಸರಿಸಿ ಕಾಲು ನೀಡಿ ಕೂತಳು, ನೀರಿನ ಬಿಸಿ ನೋಡಿದಳು, ಎರಡೂ ಕೈ ಚಾಚಿದಳು.

"ಕೊಡವ್ವ ಕೂಸ."

ಅಂದ ಮೇಲೆಯೇ ಅವಳಿಗೆ ಎಚ್ಚರವಾದದ್ದು. ನಾಲಗೆ ಸೀಳಿಕೊಳ್ಳಬೇಕು ಅನ್ನಿಸಿತು. ಚಾಚಿದ ಕೈ ಹಿಂದಕ್ಕೆ ತೆಗೆದುಕೊಳ್ಳಲೂ ಆಗಲಿಲ್ಲ.

ನಾಗಶ್ರೀ ಆ ಖಾಲಿ ಕಾಲುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನೆನೆದ ಕಲ್ಲಿನ ಮೇಲೆ ಮುದುಡಿ ಮಲಗಿ, ತಾಯಿಯ ಕಾಲ ಮೇಲೆ ತಲೆ ಇಟ್ಟಳು. ಇಷ್ಟು ದಿನ ತಡೆದಿದ್ದ ಅಳು ಬೀದಿಗೆಲ್ಲ ಕೇಳುವಂತೆ ಹೊರಬಂತು. ದೊಡ್ಡಬಸಮ್ಮನೂ ಅತ್ತಳು. ಅಳುತ್ತಲೇ, ಕಣ್ಣಿಗೆ ನೀರು ಇಳಿಯದಂತೆ ಮಗಳ ಹಣೆಗೆ ಅಂಗೈ ಅಡ್ಡ ಹಿಡಿದು, ಚೊಂಬಿನಿಂದ ಮೆಲ್ಲಗೆ ನೀರು ಹುಯ್ದಳು.

ಸೊಂಟಕ್ಕೆ ಸೀರೆ ಬಿಗಿದು, ಎದೆಗೆ ಮಲ್ಲಿಗೆ ಕಟ್ಟಿ, ಮೆತ್ತಗಿನ ಅನ್ನಕ್ಕೆ ತುಪ್ಪ, ಮೆಣಸಿನ ಸಾರು ಕಲಸಿ ಮುಂದಿಟ್ಟಾಗ ನಾಗಶ್ರೀ "ಕಾರ" ಎಂದು ಮೂಗೊರೆಸಿಕೊಂಡಳು. ತಟ್ಟೆಯಲ್ಲಿ ಅರ್ಧ ಉಳಿಯಿತು. ಅರ್ಧ ಖಾಲಿಯಾಗಿತ್ತಲ್ಲ, ದೊಡ್ಡಬಸಮ್ಮನಿಗೆ ಅಷ್ಟು ಸಾಕಾಗಿತ್ತು.

ಮಾರನೆಯ ಬೆಳಿಗ್ಗೆ ಅವಳು ಎದ್ದು ಬಚ್ಚಲಿಗೆ ಬಂದರೆ ಹಂಡೆಯ ಕೆಳಗೆ ಆಗಲೇ ಉರಿ ಹತ್ತಿತ್ತು. ನಾಗಶ್ರೀ ಒಲೆಯ ಮುಂದೆ ಕೂತು ತೆಂಗಿನ ಗರಿ ಮುರಿದು ಹಾಕುತ್ತಿದ್ದಳು.

"ಅಯ್ಯೋ, ಬಾಣಂತಿಯಾಗಿ ಈ ತಣ್ಣನೆ ಗಾಳಿಗೆ ಕೂತಿದ್ದೀಯಲ್ಲವ್ವ! ಕಿವಿಗೆ ಬಟ್ಟೆ ಕಟ್ಕ."

ನಾಗಶ್ರೀ ಹಗ್ಗದ ಮೇಲಿದ್ದ ಬಟ್ಟೆ ಎಳೆದುಕೊಂಡು, ಎರಡೂ ಕಿವಿ ಮುಚ್ಚುವಂತೆ ತಲೆಗೆ ಸುತ್ತಿ ಗಂಟು ಹಾಕಿದಳು.