ಮಗಳ ಷರತ್ತು

ಚಳಿಗಾಲ ಬಂತೆಂದರೆ ನನ್ನ ಲಾಡ್ಜಿಗೆ ಮುದುಕರ ಸುಗ್ಗಿ. ಬೇಸಿಗೆಯ ಹುಡುಗರು ಬಾಟಲಿ ಒಡೆದು, ಹಾಸಿಗೆಗೆಲ್ಲ ಮರಳು ತುಂಬಿ ಹೋದ ಮೇಲೆ ಈ ಮುದುಕರ ಮುಖ ಕಂಡರೆ ನನಗೆ ಹೋದ ಜೀವ ಬಂದಂತಾಗುತ್ತದೆ. ಒಳನಾಡಿನ ಚಳಿಗೆ ಹೆದರಿ ಸಮುದ್ರದ ಬೆಚ್ಚನೆ ಗಾಳಿಯಲ್ಲಿ ಕೂರಲು ಬರುವವರು ಇವರು. ಬೆಳಿಗ್ಗೆ ಬಿಸಿನೀರು, ಸಂಜೆ ಚಹಾ, ನಡುವೆ ಅವರ ಮೊಣಕಾಲಿನ ಪುರಾಣಕ್ಕೆ ಒಂದು ಕಿವಿ, ಇಷ್ಟಿದ್ದರೆ ಸಾಕು. ಜಗಳ ಇಲ್ಲವೆಂದಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಎಲ್ಲರ ಹಾಗೆ ನಾನೂ ನಂಬಿದ್ದವಳೇ. ಈಗ ಯಾರಾದರೂ ನನ್ನೆದುರು ಆ ಗಾದೆ ಎತ್ತಿದರೆ ಮೈಯೆಲ್ಲ ಉರಿಯುತ್ತದೆ.

ಈ ಸಲ ಮೂಲೆ ಕೋಣೆಗೆ ಬಂದವರು ಒಬ್ಬ ಟೈಲರು ಮತ್ತು ಅವರ ಹೆಂಡತಿ. ಟೈಲರು ಸಣ್ಣ ಜೀವ, ಎದೆಯೊಳಗೆ ಉಬ್ಬಸ, ಜೇಬಿನಲ್ಲಿ ಯಾವಾಗಲೂ ಸೂಜಿ, ದಾರ, ಪುಟ್ಟ ಕತ್ತರಿ. ಹೆಂಡತಿ ಹೆಂಗಸರ ಜೈಲಿನಲ್ಲಿ ವಾರ್ಡರ್ ಆಗಿದ್ದು ಇದೇ ವರ್ಷ ನಿವೃತ್ತರಾದವರು. ಬಾಗಿಲು ತುಂಬುವ ಆಳು. ಲಾಡ್ಜಿನಲ್ಲಿ ಎಲ್ಲರೂ ಅವರನ್ನು ವಾರ್ಡರಮ್ಮ ಎಂದೇ ಕರೆದೆವು, ಅವರಿಗೂ ಅದು ಇಷ್ಟವಾಗಿತ್ತು.

ಅವರನ್ನು ಬಿಡಲು ಬಂದಿದ್ದ ಮಗಳು, ಅಪ್ಪ ಅಮ್ಮ ಪೆಟ್ಟಿಗೆ ಬಿಚ್ಚುತ್ತಿರುವಾಗ ನನ್ನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಆಂಟಿ, ಒಂದು ಮಾತು ಹೇಳ್ಬೇಕು. ಅಪ್ಪನ ಉಬ್ಬಸಕ್ಕೆ ಎಕ್ಸ್‌ರೇ ತೆಗೆಸಿದ್ವಿ. ಪಕ್ಕೆಲುಬು ಯಾವಾಗಲೋ ಮುರಿದು ತಾನಾಗೇ ಕೂಡಿಕೊಂಡಿರೋದು ಕಾಣಿಸ್ತು. ಎಲ್ಲಿ ಬಿದ್ರಿ ಅಂತ ಡಾಕ್ಟ್ರು ಕೇಳಿದ್ರು. ಅಪ್ಪ ಮೆಟ್ಟಿಲು ಅಂದ್ರು. ಅಮ್ಮ ಪಕ್ಕದಲ್ಲೇ ಇದ್ಲು. ಮೆಟ್ಟಿಲೂ ಇಲ್ಲ ಏನೂ ಇಲ್ಲ, ಒದ್ದದ್ದು ನಾನು ಅಂದ್ಲು."

ನನ್ನ ಕೈಯಲ್ಲಿದ್ದ ಸೌಟು ಕೈಯಲ್ಲೇ ಉಳಿಯಿತು.

"ಅಮ್ಮ ಸುಳ್ಳು ಹೇಳಲ್ಲ, ಅದೊಂದು ಗುಣ ಇದೆ. ನಾನು ಹೇಳಿಬಿಟ್ಟಿದೀನಿ, ಇನ್ನೊಂದು ಸಲ ಅಪ್ಪನ ಮೇಲೆ ಕೈ ಮಾಡಿದ್ರೆ ಅವರನ್ನ ನನ್ನ ಮನೆಗೆ ಕರ್ಕೊಂಡು ಹೋಗ್ತೀನಿ, ನೀನು ಒಬ್ಬಳೇ ಇರು ಅಂತ. ಒಪ್ಪಿದಾಳೆ. ನೀವು ಸ್ವಲ್ಪ ಕಣ್ಣಿಟ್ಟಿರಿ, ಏನಾದ್ರೂ ಆದ್ರೆ ಫೋನ್ ಮಾಡಿ."

ಊರವರ ಸಂಸಾರಕ್ಕೆ ಕಾವಲು ಕೂರುವುದು ನನ್ನ ಕೆಲಸವೇ ಎಂದು ಕೇಳಬೇಕಿತ್ತು. ಆ ಹುಡುಗಿಯ ಮುಖ ನೋಡಿ ಆಯ್ತಮ್ಮ ಎಂದೆ.

ಮೊದಲ ದಿನಗಳಲ್ಲಿ ಕಣ್ಣಿಟ್ಟು ನೋಡಿದರೆ ಕಂಡದ್ದೇ ಬೇರೆ. ಬೆಳಗಾಗುವ ಮೊದಲೇ ವಾರ್ಡರಮ್ಮ ನೀರು ಕಾಯಿಸಿ ಗಂಡನಿಗೆ ಹಬೆ ಹಿಡಿಸುತ್ತಿದ್ದರು. ಎದೆಗೆ ಎಣ್ಣೆ ತಿಕ್ಕುತ್ತಿದ್ದರು. ಕಿತ್ತಳೆ ಸುಲಿದು, ತೊಳೆಯ ಮೇಲಿನ ಬಿಳಿ ನಾರನ್ನೂ ಬಿಡದೆ ತೆಗೆದು ತಿನ್ನಿಸುತ್ತಿದ್ದರು. ಗಂಡನನ್ನು 'ರೀ' ಎಂದು ಕರೆಯುವುದು ಬಿಟ್ಟರೆ ಬೇರೆ ಮಾತಿಲ್ಲ. ಆ ಪಕ್ಕೆಲುಬಿಗೆ ಒದ್ದದ್ದು ಇವರೇನಾ ಎಂದು ನನಗೇ ಅನುಮಾನ ಬಂತು. ಅವರೇ ಒಂದು ದಿನ ಅದನ್ನು ಪರಿಹರಿಸಿದರು.

"ಮಗಳು ನಿಮಗೆ ಹೇಳಿರ್ತಾಳೆ. ಹೇಳ್ಲಿ ಬಿಡಿ, ಸುಳ್ಳೇನಲ್ಲ. ಜೈಲಲ್ಲಿ ಮೊದಲು ಹೊಡೆದೋರು ಮಾತ್ರ ಮೈ ಮುರಿಸ್ಕೊಳ್ದೆ ಮನೆಗೆ ಬರೋದು. ಯೂನಿಫಾರ್ಮು ಗೇಟಲ್ಲಿ ಬಿಚ್ಚಿಟ್ಟು ಬರಬಹುದು, ಕೈ ಬಿಚ್ಚಿಟ್ಟು ಬರೋಕಾಗುತ್ತಾ? ಇವರೋ, ಏನು ಕೇಳಿದ್ರೂ ಬಾಯಿ ಬಿಡಲ್ಲ. ಬಾಯಿ ಬಿಡದೋರನ್ನ ಕಂಡ್ರೆ ನನ್ನ ಕೈ ಮಾತು ಕೇಳಲ್ಲ. ಈಗ ಕೊಟ್ಟ ಮಾತಿಗೆ ಹಲ್ಲು ಕಚ್ಚಿ ಕೂತಿದೀನಿ. ಈ ವಯಸ್ಸಲ್ಲಿ ಇವರಿಲ್ದೆ ನಾನು ಏನು ಮಾಡ್ಲಿ ಹೇಳಿ."

ಹೇಳುವಾಗ ಅವರ ಕಣ್ಣು ತುಂಬಿತ್ತು. ನನಗೆ ಅಯ್ಯೋ ಎನಿಸಿತು. ಹಾಗೆನಿಸಿದ್ದಕ್ಕೆ ಆಮೇಲೆ ನನ್ನ ಮೇಲೇ ಸಿಟ್ಟು ಬಂದದ್ದು ಬೇರೆ ಮಾತು.

ನಮ್ಮ ತೀರದಲ್ಲಿ ಮಡಚುವ ಕುರ್ಚಿಗಳನ್ನು ಬಾಡಿಗೆಗೆ ಕೊಡುವವನೊಬ್ಬನಿದ್ದಾನೆ. ಮರದ ಚೌಕಟ್ಟು, ಕೂರುವಲ್ಲಿ ಕ್ಯಾನ್ವಾಸ್ ಬಟ್ಟೆ. ಕುರ್ಚಿಯವನು ಒಳ್ಳೆಯ ಮನುಷ್ಯ, ಆದರೆ ಮೂಗಿನ ತುದಿಯಲ್ಲೇ ಕೋಪ. ಆ ತಿಂಗಳು ಯಾರೋ ಕಿಡಿಗೇಡಿಗಳು ಅವನ ಕುರ್ಚಿಗಳ ಬಟ್ಟೆಯನ್ನು ಬ್ಲೇಡಿನಿಂದ ಸೀಳಿ ಹೋಗುತ್ತಿದ್ದರು. ಅವನು ಹೊಟ್ಟೆಗೆ ಬೆಂಕಿ ಬಿದ್ದವನಂತೆ ತಿರುಗುತ್ತಿದ್ದ.

ಟೈಲರು ಅಂಥದೊಂದು ಸೀಳಿದ ಕುರ್ಚಿಯಲ್ಲಿ ಹೋಗಿ ಕೂತರು. ಕೂತವರು ಸುಮ್ಮನಿರಬೇಕಲ್ಲ. ಹರಿದ ಬಟ್ಟೆ ಕಂಡರೆ ಟೈಲರಿಗೆ ಕೈ ಕಡಿಯುತ್ತದೆ. ಎದ್ದು, ಮರಳಿನ ಮೇಲೆ ಮಂಡಿಯೂರಿ, ಸೀಳನ್ನು ಒಳಗಿನಿಂದ ಹೊಲಿದು ಮುಗಿಸಿದರು. ಉಳಿದ ದಾರದ ತುದಿಯನ್ನು ಕತ್ತರಿಸುತ್ತಿರುವಾಗ ಕುರ್ಚಿಯವನು ದೂರದಿಂದ ನೋಡಿದ. ಅವನಿಗೆ ಕಂಡದ್ದು ಕುರ್ಚಿಯ ಬಟ್ಟೆ, ಅದರ ಮೇಲೊಂದು ಕತ್ತರಿ. ಓಡಿಬಂದು ಟೈಲರ ಕತ್ತಿನ ಪಟ್ಟಿ ಹಿಡಿದೆತ್ತಿ ಕೆನ್ನೆಗೆ ಬಾರಿಸಿದ. ಕನ್ನಡಕ ಹಾರಿ ಬಿತ್ತು. ಅವರು ಮರಳಿಗೆ ಕವುಚಿ ಬಿದ್ದು ಉಸಿರಿಗೆ ತಡಕಾಡಿದರು. ಪಕ್ಕದ ಕುರ್ಚಿಯಲ್ಲಿದ್ದ, ನಮ್ಮ ಲಾಡ್ಜಿನಲ್ಲೇ ಇಳಿದಿದ್ದ ನಿವೃತ್ತ ಪೋಸ್ಟ್‌ಮಾಸ್ಟರು ಎತ್ತಿ ಲಾಡ್ಜಿಗೆ ಕರೆತಂದರು.

"ಎಡವಿ ಬಿದ್ದೆ" ಎಂದರು ಟೈಲರು ಹೆಂಡತಿಗೆ.

ವಾರ್ಡರಮ್ಮ ಅವರ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. "ಎಡಗೆನ್ನೆ. ಬೆರಳು ಬಿಡಿಸಿ ಹೊಡೆದಿದಾನೆ. ಬಲಗೈ. ಯಾರು?"

ಟೈಲರು ಬಾಯಿ ಬಿಡಲಿಲ್ಲ. ವಾರ್ಡರಮ್ಮನ ಕತ್ತಿನ ನರ ಉಬ್ಬಿತ್ತು. ಪೋಸ್ಟ್‌ಮಾಸ್ಟರ ಬಾಯಿ ಸುಮ್ಮನಿರಲಿಲ್ಲ, ಕುರ್ಚಿಯವನು ಎಂದುಬಿಟ್ಟರು. ವಾರ್ಡರಮ್ಮ ಚಪ್ಪಲಿ ಹಾಕಿಕೊಳ್ಳದೆ ಹೊರಟರು. ಹಿಂದೆಯೇ ನಾನೂ ಓಡಿದೆ. ಬಿಡಿಸಲು ಎಂದರೆ ಸುಳ್ಳಾಗುತ್ತದೆ, ನೋಡಲು ಓಡಿದೆ.

ಕುರ್ಚಿಯವನು ಮಾತಾಡಲು ಬಾಯಿ ತೆರೆಯುವಷ್ಟರಲ್ಲಿ ಅವನ ಮಣಿಕಟ್ಟು ಅವರ ಕೈಯಲ್ಲಿತ್ತು. ಹೆಬ್ಬೆರಳನ್ನು ಹಿಂದಕ್ಕೆ ಮಡಚಿದ್ದೇ ತಡ, ಅಷ್ಟು ಗಟ್ಟಿ ಆಳು ಮಂಡಿಯೂರಿದ. ಕೂಗಾಟವಿಲ್ಲ, ಬೈಗುಳವಿಲ್ಲ. ದಿನಾ ಮಾಡುವ ಕೆಲಸ ಮಾಡುವಂತೆ, ಅವನ ಬಲಗೈಯನ್ನು ತೆರೆದಿದ್ದ ಕುರ್ಚಿಯ ಎರಡು ಮರದ ಕಾಲುಗಳು ಸೇರುವಲ್ಲಿ ಇಟ್ಟು, ಕುರ್ಚಿಯನ್ನು ಒದ್ದು ಮಡಚಿದರು. ಬೆರಳು ಮುರಿದ ಸದ್ದು ನನಗೆ ಕೇಳಿಸಿತು. ಅವನು ಕಿರುಚುತ್ತಿರುವಾಗಲೇ ಅವರು ಕುರ್ಚಿ ಬಿಡಿಸಿ, ಇನ್ನೊಂದು ಸಲ ಒದ್ದರು.

"ಇನ್ಮೇಲೆ ಎಡಗೈಲಿ ಉಣ್ಣು" ಎಂದರು, ತಿರುಗಿ ಬಂದರು.

ನಾಚಿಕೆ ಬಿಟ್ಟು ಹೇಳುತ್ತೇನೆ, ತೀರದ ಮುದುಕರೆಲ್ಲ ಚಪ್ಪಾಳೆ ತಟ್ಟಿದರು. ವಯಸ್ಸಾದವರನ್ನು ಎಲ್ಲರೂ ತಳ್ಳುವವರೇ. ತಳ್ಳಿದವನಿಗೆ ತಿರುಗಿ ಏಟು ಬಿದ್ದದ್ದನ್ನು ಅವರು ಎಷ್ಟು ವರ್ಷದ ಮೇಲೆ ಕಂಡರೋ. ಆ ಸಂಜೆ ಲಾಡ್ಜಿನ ಹಜಾರದಲ್ಲಿ ಪೋಸ್ಟ್‌ಮಾಸ್ಟರು ಕಥೆಯನ್ನು ಪದೇ ಪದೇ ಹೇಳಿದರು, ಪ್ರತಿ ಸಲ ಒಂದು ಬೆರಳು ಜಾಸ್ತಿ ಮುರಿಯಿತು. ನಾನು ವಾರ್ಡರಮ್ಮನಿಗೆ ನನ್ನ ಕೈಯಾರೆ ಚಹಾ ಮಾಡಿಕೊಟ್ಟೆ. ಮಗಳಿಗೆ ಫೋನು ಮಾಡಲಿಲ್ಲ. ಷರತ್ತು ಅಪ್ಪನ ಮೇಲೆ ಕೈ ಮಾಡುವುದರ ಬಗ್ಗೆ ತಾನೇ?

ಟೈಲರು ಮಾತ್ರ ಊಟ ಮುಟ್ಟಲಿಲ್ಲ.

"ನಿಮಗೋಸ್ಕರ ಹೊಡೆದದ್ದು ರೀ. ಒಂದು ಮಾತಾದ್ರೂ ಆಡಬಾರ್ದಾ?" ಎಂದರು ಹೆಂಡತಿ.

"ಎರಡನೇ ಸಲ ಒದ್ದದ್ದು ಯಾರಿಗೋಸ್ಕರ?" ಎಂದರು ಟೈಲರು. ಅಷ್ಟೇ. ತಟ್ಟೆ ಸರಿಸಿ ಎದ್ದು ಹೋದರು.

ವಾರ್ಡರಮ್ಮ ಖಾಲಿ ಕುರ್ಚಿಯನ್ನೇ ನೋಡುತ್ತ ಕೂತರು. ಅವರ ಬಲಗೈ ಮೇಜಿನ ಮೇಲೆ ಮುಷ್ಟಿಯಾಗಿತ್ತು. ಅವರೇ ಅದನ್ನು ಎಡಗೈಯಿಂದ ಹಿಡಿದು ಮಡಿಲಿಗೆ ಎಳೆದುಕೊಂಡರು.

ಎರಡು ದಿನ ಬಿಟ್ಟು ಬೆಳಿಗ್ಗೆ, ವಾರ್ಡರಮ್ಮ ಹಿತ್ತಿಲ ನಲ್ಲಿಯಲ್ಲಿ ಕಬ್ಬಿಣದ ಬಕೆಟ್ಟಿಗೆ ನೀರು ಹಿಡಿಯುತ್ತಿದ್ದರು. ಟೈಲರು ಹಿಂಬಾಗಿಲ ಒಳಗೆ ತಲೆಗೆ ಟವೆಲ್ ಮುಚ್ಚಿ ಹಬೆ ತೆಗೆದುಕೊಳ್ಳುತ್ತಿದ್ದರು. ನಾನು ಕಿಟಕಿಯ ಬಳಿ ಬ್ರೆಡ್ಡು ಕೊಯ್ಯುತ್ತಿದ್ದೆ. ಹಿತ್ತಿಲ ಗೇಟಿನ ಸದ್ದಾಯಿತು. ಕುರ್ಚಿಯವನು ಬಂದಿದ್ದ.

ಅವನು ಯಾಕೆ ಬಂದನೆಂದು ಆಮೇಲೆ ಅವನೇ ಹೇಳಿದ. ಆ ಕುರ್ಚಿಯನ್ನು ಎತ್ತಿಡುವಾಗ ಹೊಲಿಗೆ ಕಂಡಿತಂತೆ, ಸೀಳಿದ್ದೇ ಗೊತ್ತಾಗದಂಥ ಹೊಲಿಗೆ. ತಾನು ಹೊಡೆದದ್ದು ಎಂಥವರಿಗೆ ಎಂದು ಆಗ ಗೊತ್ತಾಯಿತಂತೆ. ಕುರ್ಚಿಯನ್ನು ಅವರಿಗೇ ಕೊಟ್ಟು ತಪ್ಪಾಯ್ತು ಅನ್ನೋಣವೆಂದು ಬಂದದ್ದು. ಮುಂಬಾಗಿಲಲ್ಲಿ ಮುದುಕರ ಕಣ್ಣಿಗೆ ಬೀಳಲು ನಾಚಿಕೆಯಾಗಿ ಹಿತ್ತಿಲಿಂದ ಬಂದ. ಗೋಡೆಗೂ ನೀರಿನ ಡ್ರಮ್ಮಿಗೂ ನಡುವಿನ ದಾರಿ ಇಕ್ಕಟ್ಟು. ಬಲಗೈಗೆ ಬ್ಯಾಂಡೇಜು. ಅದಕ್ಕೇ ಕುರ್ಚಿಯನ್ನು ಎಡಗೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ಹಿಡಿದು ನುಸುಳಿದ.

ವಾರ್ಡರಮ್ಮನಿಗೆ ಕಂಡದ್ದು ಎತ್ತಿದ ಕುರ್ಚಿ. ನೀರು ತುಂಬಿದ ಬಕೆಟ್ಟು ಸುತ್ತಿ ಬಂದು ಅವನ ಹಣೆಗೂ ಕಣ್ಣಿಗೂ ಬಡಿಯಿತು. ಅವನು ಡ್ರಮ್ಮಿನ ಮೇಲೆ ಬಿದ್ದು, ಅಲ್ಲಿಂದ ಕಲ್ಲುಹಾಸಿಗೆ ಜಾರಿದ. "ಅಮ್ಮಾ, ಕೊಡೋಕೆ" ಎಂದನೇನೋ, ಎರಡನೆಯ ಏಟು ಬಾಯಿಗೆ ಬಿತ್ತು, ಹಲ್ಲು ಕಲ್ಲಿನ ಮೇಲೆ ಉದುರಿದ್ದನ್ನು ನಾನು ಕಿಟಕಿಯಿಂದ ಕಂಡೆ. ಅವನು ಬ್ಯಾಂಡೇಜಿನ ಕೈ ಅಡ್ಡ ಹಿಡಿದ. ಮೂರನೆಯದು ಆ ಕೈಗೆ. ಬಿಸಿಲಿನಲ್ಲಿ ನೀರೂ ರಕ್ತವೂ ಒಟ್ಟಿಗೆ ಹರಿದವು. ನಾನು ಕಿರುಚಿಕೊಂಡೆ, ಕಾಲು ಮಾತ್ರ ಕಿತ್ತು ಬರಲಿಲ್ಲ.

ಹೋದವರು ಟೈಲರು. ಬರಿಗಾಲಲ್ಲಿ, ಟವೆಲ್ ಹೆಗಲ ಮೇಲೇ ಇತ್ತು, ಓಡಿಹೋಗಿ ಬಿದ್ದವನಿಗೂ ಹೆಂಡತಿಗೂ ನಡುವೆ ನಿಂತರು. "ಬೇಡ. ಸಾಯ್ತಾನೆ" ಎಂದರು.

ಬಕೆಟ್ಟು ಮೇಲೆದ್ದಿತ್ತು. ನಾಲ್ಕನೆಯ ಏಟಿಗೆ ಎದ್ದದ್ದು. ಟೈಲರು ಅದನ್ನು ನೋಡಿದರು. ನೋಡಿದ್ದೇ, ನಿಂತಲ್ಲೇ ಗೋಡೆಯ ಮೂಲೆಗೆ ಕುಸಿದು, ಮಂಡಿಯನ್ನು ಎದೆಗೆ ಎಳೆದುಕೊಂಡು, ಎರಡು ಮೊಣಕೈಯ ನಡುವೆ ತಲೆ ಅಡಗಿಸಿಕೊಂಡರು. ಪಕ್ಕೆ ಗೋಡೆಗೆ, ಬೆನ್ನು ಏಟಿಗೆ. ಎಲ್ಲಿ ಬಿದ್ದರೆ ಕಡಿಮೆ ನೋಯುತ್ತದೆಂದು ಆ ಮೈಗೆ ಗೊತ್ತಿತ್ತು. ಹಾಗೆ ಕೂರುವುದನ್ನು ಯಾರೂ ಒಂದು ದಿನದಲ್ಲಿ ಕಲಿಯುವುದಿಲ್ಲ. ಮಗಳು ಹೇಳಿದಾಗ ಬರೀ ಕಿವಿಗೆ ಹೋಗಿದ್ದ ಮಾತು ಈಗ ಕಣ್ಣಿಗೆ ಕಂಡಿತ್ತು.

ವಾರ್ಡರಮ್ಮ ಬಕೆಟ್ಟನ್ನು ಮೆಲ್ಲನೆ ಕೆಳಗಿಟ್ಟರು.

"ನಿಮಗೆ ಎತ್ತಿದ್ದಲ್ಲ ರೀ."

"ಗೊತ್ತು" ಎಂದರು ಟೈಲರು, ಮೊಣಕೈಗಳ ಒಳಗಿನಿಂದಲೇ.

"ಮತ್ತೆ ಕೈ ತೆಗೀರಿ."

"ತೆಗೀಬೇಕು ಅಂತಲೇ ಇದೀನಿ. ಬರ್ತಿಲ್ಲ."

ನಾನು ಆಗ ಹೊರಗೆ ಹೋದೆ. ಪೋಸ್ಟ್‌ಮಾಸ್ಟರು ಆಂಬುಲೆನ್ಸಿಗೆ ಫೋನು ಮಾಡಿದರು. ಅದು ಬರುವ ತನಕ ಕುರ್ಚಿಯವನ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಕೂತೆ. ಟೈಲರು ಹೇಗೋ ಎದ್ದು, ಟವೆಲನ್ನು ಅವನ ಗಾಯಕ್ಕೆ ಒತ್ತಿ ಹಿಡಿದರು, ಆಸ್ಪತ್ರೆಯವರೆಗೂ ಹಿಡಿದೇ ಹೋದರು. "ನಾನೂ ಬರ್ತೀನಿ" ಎಂದು ಹೆಂಡತಿ ಆಂಬುಲೆನ್ಸಿನ ಬಾಗಿಲಿಗೆ ಬಂದಾಗ "ಬೇಡ" ಎಂದರು. ಜೋರಾಗಿಯೇನೂ ಅಲ್ಲ. ವಾರ್ಡರಮ್ಮ ಹಿಂದೆ ಸರಿದರು.

ಕುರ್ಚಿಯವನು ಬದುಕಿದ. ಒಂದು ಕಣ್ಣು ಹೋಯಿತು. "ದೂರು ಗೀರು ಏನೂ ಬೇಡ, ತಪ್ಪು ನಂದೇ" ಎಂದನಂತೆ ಪಾಪ, ಹಲ್ಲಿಲ್ಲದ ಬಾಯಲ್ಲಿ. ಟೈಲರು ಅವನ ಹಾಸಿಗೆಯ ಪಕ್ಕ ಕೂತು, "ದೂರು ಕೊಡು ಮಗಾ. ನಾನೂ ಹೀಗೇ ಬೇಡ ಬೇಡ ಅಂತ ಬಂದವನು. ಸಾಕ್ಷಿ ನಾನು ಹೇಳ್ತೀನಿ" ಎಂದರಂತೆ.

ಅದೇ ಸಂಜೆ ಲಾಡ್ಜಿಗೆ ಮರಳಿದ ಟೈಲರು ನೇರ ನನ್ನ ಅಡುಗೆಮನೆಗೆ ಬಂದು ಫೋನು ಕೇಳಿದರು. ವಾರ್ಡರಮ್ಮ ಬೆಳಗಿನಿಂದ ಕೋಣೆ ಬಿಟ್ಟಿರಲಿಲ್ಲ, ಗಂಡನ ದನಿ ಕೇಳಿದ್ದೇ ಬಂದು ಬಾಗಿಲಲ್ಲಿ ನಿಂತರು. ತಟ್ಟೆಯಲ್ಲಿ ಸುಲಿದ ಕಿತ್ತಳೆ ಇತ್ತು.

"ನಾನಮ್ಮ, ಅಪ್ಪ" ಎಂದರು ಟೈಲರು ಫೋನಿಗೆ. "ಬಂದು ಕರ್ಕೊಂಡು ಹೋಗ್ತೀಯಾ?"

ಆ ಕಡೆಯಿಂದ ಮಗಳು ಏನೋ ಕೇಳಿದಳು. ಏನೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

"ಇಲ್ಲ. ನನ್ನನ್ನ ಮುಟ್ಟಿಲ್ಲ. ನಿನಗೆ ಕೊಟ್ಟ ಮಾತು ಉಳಿಸ್ಕೊಂಡಿದಾಳೆ."

ವಾರ್ಡರಮ್ಮನ ಮುಖ ಅರಳಿತು. "ಕೇಳಿದ್ರಾ?" ಎಂದರು ನನಗೆ, ಕೋರ್ಟಿನಲ್ಲಿ ಗೆದ್ದವರಂತೆ. "ಅವರ ಬಾಯಲ್ಲೇ ಬಂತು. ಮುಟ್ಟಿಲ್ಲ ನಾನು."

"ಹೌದಮ್ಮ, ಮುಟ್ಟಿಲ್ಲ" ಎಂದರು ಟೈಲರು ಫೋನಿಗೆ. "ಆದ್ರೂ ಬಾ."

ಫೋನು ಇಟ್ಟರು. ಬಾಗಿಲಲ್ಲಿ ಹೆಂಡತಿ ನಿಂತಿದ್ದರು. ಟೈಲರು ಅವರ ಕೈಗಳನ್ನು ಒಮ್ಮೆ ನೋಡಿ, ಆ ಬಾಗಿಲು ಬಿಟ್ಟು, ಹಿತ್ತಿಲ ಕಡೆಯಿಂದ ಸುತ್ತುಹಾಕಿ ಬಟ್ಟೆ ಜೋಡಿಸಿಕೊಳ್ಳಲು ಹೋದರು.