ಕಾಲರಾ ಸೇವಾ ಗಾಡಿ

ಹತ್ತಿ ಗಿರಣಿಯ ಗವಿಸಿದ್ದಪ್ಪ ಸಾಹುಕಾರರಿಗೆ ಬಡವರ ಮೇಲೆ ಒಮ್ಮೆಲೇ ಕನಿಕರ ಉಕ್ಕಿದ್ದು ಐವತ್ತೊಂದನೇ ಇಸವಿಯ ಕೊನೆಯಲ್ಲಿ, ಚುನಾವಣೆಗೆ ನಿಂತ ಮೇಲೆ. ಸಿರುಗುಪ್ಪದ ಕಡೆ ಹೊಳೆದಂಡೆಯ ಊರುಗಳಲ್ಲಿ ಆಗ ಕಾಲರಾ ಎದ್ದಿತ್ತು. ಸಾಹುಕಾರರು ಬಳ್ಳಾರಿಯಲ್ಲಿ ಪರಿಹಾರ ನಿಧಿ ತೆರೆದು ವರ್ತಕರಿಂದ ಚಂದಾ ಎತ್ತಿದರು. ಆ ದುಡ್ಡಿನಲ್ಲಿ ಒಂದು ಹಳೆಯ ಮಿಲಿಟರಿ ಜೀಪು ಕೊಂಡು, ಅದರ ಮೈಮೇಲೆ ‘ಕಾಲರಾ ಸೇವಾ ಗಾಡಿ’ ಎಂದು ದಪ್ಪಕ್ಷರದಲ್ಲಿ ಬರೆಸಿದರು.

ಅದಕ್ಕೆ ಡ್ರೈವರಾಗಿ ಬಂದವನು ಹೈದರಸಾಬ. ಹಿಂದೊಮ್ಮೆ ಇದೇ ರೋಗ ಬಂದಾಗ ತಂಗಿಯನ್ನು ಎತ್ತಿನ ಬಂಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟು, ಅರ್ಧ ದಾರಿಯಲ್ಲೇ ಅವಳನ್ನು ಕಳೆದುಕೊಂಡಿದ್ದ. ಅದಕ್ಕೇ ಲಾರಿಯ ಕೆಲಸ ಬಿಟ್ಟು, ಕಡಿಮೆ ಪಗಾರಕ್ಕೆ ಒಪ್ಪಿ ಬಂದ. ಪುಣ್ಯದ ಕೆಲಸ ಸಿಕ್ಕಿತೆಂದು ಹಿಗ್ಗಿದ. ಪಾಪ, ಅವನಿಗೇನು ಗೊತ್ತು!

ಮೊದಲ ದಿನ ಜೀಪಿನಲ್ಲಿ ಬ್ಲೀಚಿಂಗ್ ಪುಡಿಯ ಚೀಲಗಳನ್ನು ಹೇರಿ, ಪಕ್ಕದಲ್ಲಿ ಸಾಹುಕಾರರು ನಿಂತು ಫೋಟೊ ತೆಗೆಸಿಕೊಂಡರು. ಫೋಟೊ ಮುಗಿಯಿತು, ಚೀಲಗಳು ಗೋದಾಮಿಗೆ ಹೋದವು, ಜೀಪಿಗೆ ಬಾವುಟದ ಗಂಟು ಮತ್ತು ಮೈಕು ಏರಿದವು.

“ಅದು ಬಾವಿಗೆ ಹಾಕೋ ಪುಡಿ ಅಲ್ಲೇನ್ರಿ?” ಎಂದು ಹೈದರಸಾಬ ಕೇಳಿದ.

ಸಾಹುಕಾರರ ಬಲಗೈ ರಂಗಣ್ಣ ನಕ್ಕ. “ಪುಡಿ ಹಾಕಿದ್ರ ನೀರು ವಾಸ್ನಿ ಹೊಡಿತೈತಿ. ಬಾವಿ ಕೆಡಿಸಿದ್ರು ಅಂತ ಜನ ನಮಗ ಉಗೀತಾರ. ಇಲೆಕ್ಷನ್ ಮುಗೀಲಿ, ಆಮ್ಯಾಲ ನೋಡೂಣು.”

“ಅಲ್ಲೀತನಕ ಜನ ಉಳೀಬೇಕಲ್ರಿ.”

“ಉಳಿದೋರು ಹಾಕ್ತಾರಲೇ ವೋಟು!”

ಚುನಾವಣೆಗೆ ಇಷ್ಟೇ ಖರ್ಚು ಮಾಡಬೇಕು, ಅದರ ಲೆಕ್ಕ ಒಪ್ಪಿಸಬೇಕು ಎಂದು ಹೊಸ ಕಾನೂನು ಬಂದಿತ್ತು. ದುಡ್ಡಿದ್ದವರ ಕೈಗೆ ಕಡಿವಾಣ ಹಾಕಲು ಮಾಡಿದ ಕಾನೂನು. ರಂಗಣ್ಣ ಅದಕ್ಕೂ ಮದ್ದು ಹುಡುಕಿದ್ದ. ಪೆಟ್ರೋಲು, ಮೈಕು, ಬಾವುಟದ ಬಟ್ಟೆ, ಕಾರ್ಯಕರ್ತರ ಊಟ ಎಲ್ಲವೂ ಕಾಲರಾ ಖಾತೆಗೆ ಬೀಳುತ್ತಿತ್ತು. ಜನ ವಾಂತಿ ಮಾಡಿಕೊಂಡು ಸಾಯುತ್ತಿದ್ದರೆ ಇವರು ಅವರ ಹೆಸರಿನಲ್ಲಿ ಒಗ್ಗರಣೆ ಅನ್ನ ಉಣ್ಣುತ್ತಿದ್ದರು. ಹೈದರಸಾಬನಿಗೆ ಅವರ ಎಲೆಯ ಮುಂದೆ ಕೂರಲು ಹೇಸಿಗೆಯಾಗಿ, ಮನೆಯಿಂದ ರೊಟ್ಟಿ ಕಟ್ಟಿಸಿಕೊಂಡು ಬರತೊಡಗಿದ. ಆದರೂ ಕೆಲಸ ಬಿಡಲಿಲ್ಲ, ಹೊಟ್ಟೆ ಕೇಳಬೇಕಲ್ಲ.

ಅವತ್ತು ಸಿರುಗುಪ್ಪದ ಸಭೆ ಮುಗಿಸಿ ಕುರುಗೋಡಿಗೆ ಹೊರಟಿದ್ದರು. ಸಾಹುಕಾರರು ಬೇರೆ ಕಾರಿನಲ್ಲಿ ಮುಂದೆ ಹೋಗಿದ್ದರು, ಮೈಕು ಜೀಪಿನಲ್ಲಿತ್ತು. ಊರಾಚೆ ಒಬ್ಬ ಮನುಷ್ಯ ದಾರಿಗೆ ಅಡ್ಡ ನಿಂತ. ಕೆಂಚನಗುಡ್ಡದ ದುರುಗಪ್ಪ. ಬೇವಿನ ಗಿಡದ ಕೆಳಗೆ ಅವನ ಹೆಂಡತಿ ಉಚ್ಚೆಂಗೆಮ್ಮ ಕಂಬಳಿಯ ಮೇಲೆ ಬಿದ್ದಿದ್ದಳು. ಕಣ್ಣು ಗುಳಿಬಿದ್ದಿದ್ದವು, ತುಟಿ ಒಣಗಿ ಬಿರಿದಿದ್ದವು.

“ಯಪ್ಪಾ, ನಿಮ್ಮದು ಕಾಲರಾ ಗಾಡಿ ಅಂತಲ್ರಿ, ಓದಿದವ್ರು ಹೇಳಿದ್ರು. ಬೆಳಗಿನಿಂದ ಕಾಯಾಕ ಹತ್ತೀವಿ. ಬಳ್ಳಾರಿ ದವಾಖಾನಿಗೆ ಮುಟ್ಟಸ್ರಿ.”

“ಸಭಾ ಐತಿ, ಸರಿ ಆಕಡಿ,” ಎಂದ ರಂಗಣ್ಣ.

ಹೈದರಸಾಬ ಇಳಿದ. ಅವಳನ್ನು ನೋಡಿದ ಮೇಲೆ ಅವನಿಗೆ ಸಭೆಯೂ ಬೇಡ, ಪಗಾರವೂ ಬೇಡವೆನಿಸಿತು. ದುರುಗಪ್ಪನ ಜೊತೆ ಅವಳನ್ನೆತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದ.

“ಲೇ ಹೈದರ, ತಲಿ ಕೆಟ್ಟೈತೇನು? ರೋಗದಾಕಿ ಮಲಗಿದ ಗಾಡ್ಯಾಗ ನಾಳಿ ಸಾವ್ಕಾರ್ರು ಹೆಂಗ ಕೂಡ್ತಾರ?”

ಅಷ್ಟರಲ್ಲಿ ಉಚ್ಚೆಂಗೆಮ್ಮ ಬಾವುಟದ ಗಂಟಿನ ಮೇಲೆ ವಾಂತಿ ಮಾಡಿಕೊಂಡಳು. ರಂಗಣ್ಣ ಮೂಗು ಮುಚ್ಚಿಕೊಂಡು ಕೆಳಗೆ ಹಾರಿದ. ಹೈದರಸಾಬ ಒಂದು ಬಾವುಟ ಎಳೆದು ಅವಳ ಬಾಯಿ ಒರೆಸಿದ. ಆ ಬಟ್ಟೆಯಿಂದ ಆದ ಒಳ್ಳೆಯ ಕೆಲಸ ಅದೊಂದೇ.

“ಹತ್ತತೀರೇನ್ರಿ ರಂಗಣ್ಣಾರ?”

“ಆಕಿ ಸಂಗಾಟೇನು? ಥೂ!”

“ಹಂಗಾರ ನಡಕೊಂತ ಬರ್ರಿ.”

ರಂಗಣ್ಣನ ಬೈಗುಳವನ್ನು ಹಿಂದೆ ಬಿಟ್ಟು ಜೀಪು ಬಳ್ಳಾರಿಯ ದಾರಿ ಹಿಡಿಯಿತು. ದಾರಿಯುದ್ದಕ್ಕೂ ಹೈದರಸಾಬ ತಿರುತಿರುಗಿ ಕೇಳುತ್ತಿದ್ದುದು ಒಂದೇ: “ಉಸಿರು ಐತೇನಪ್ಪಾ?” ಐತ್ರಿ ಎಂದು ದುರುಗಪ್ಪ ಅಳುತ್ತಲೇ ಹೇಳುತ್ತಿದ್ದ. ಆಸ್ಪತ್ರೆಯಲ್ಲಿ ಡಾಕ್ಟರು ನರಕ್ಕೆ ಉಪ್ಪುನೀರು ಏರಿಸಿದರು. ಇನ್ನೊಂದಿಷ್ಟು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು. ಹೈದರಸಾಬ ವರಾಂಡದಲ್ಲಿ ಕುಳಿತು ತಂಗಿಯನ್ನು ನೆನೆದು ಅತ್ತ.

ಮರುದಿನ ಗಿರಣಿಯಲ್ಲಿ ಸಾಹುಕಾರರು ಅವನನ್ನು ಹೇಳಬಾರದ ಮಾತಿನಲ್ಲಿ ಬೈದು ಕೆಲಸದಿಂದ ಕಿತ್ತರು. ಸಂಜೆ ಅದೇ ಬಾಯಿಂದ, ಮೈಕಿಲ್ಲದೆ ಹಿಂದಿನ ದಿನ ನಿಂತುಹೋಗಿದ್ದ ಕುರುಗೋಡಿನ ಸಭೆಯಲ್ಲಿ, “ಸಭೆ ಕೆಟ್ಟರೂ ಕೆಡಲಿ, ತಾಯಿ ಉಳಿಯಲಿ ಅಂತ ನಾನೇ ಗಾಡಿ ಕಳಿಸಿದೆ!” ಎಂದು ಗದ್ಗದಿತರಾದರು. ಜನ ಚಪ್ಪಾಳೆ ತಟ್ಟಿದರು. ಗುಂಪಿನ ಕೊನೆಯಲ್ಲಿ ನಿಂತಿದ್ದ ಹೈದರಸಾಬ ನೆಲಕ್ಕೆ ಉಗಿದು ಹೊರಟ.

ಸಾಹುಕಾರರು ಗೆದ್ದರು.

ಮತ್ತೆ ಲಾರಿ ಸೇರಿದ ಹೈದರಸಾಬ ಒಮ್ಮೆ ಭತ್ತ ತರಲು ಸಿರುಗುಪ್ಪಕ್ಕೆ ಹೋಗಿದ್ದಾಗ, ಉಚ್ಚೆಂಗೆಮ್ಮ ಗುರುತು ಹಿಡಿದು ಓಡಿಬಂದಳು. ಮೈ ತುಂಬಿಕೊಂಡಿದ್ದಳು.

“ಯಣ್ಣಾ, ನಮ್ಮೂರಾಗ ಒಬ್ರೂ ತಪ್ಪಲಾರದಂಗ ಸಾವ್ಕಾರ್ರ ಪೆಟ್ಟಿಗಿಗೇ ವೋಟು ಹಾಕೀವಿ. ನನ್ನ ಜೀವ ಉಳಿಸಿದ ದೇವ್ರು ಅವ್ರು.”

“ಅವ್ರು ಕಳಿಸಿದ್ದಿಲ್ಲ ತಂಗೀ. ಬ್ಯಾಡ ಅಂದ್ರೂ ನಾನೇ ತಂದೆ. ಅದಕ್ಕ ನನ್ನ ಕೆಲಸ ಹೋತು.”

ಅವಳ ಮುಖ ಚಿಕ್ಕದಾಯಿತು. ಸುತ್ತ ನೋಡಿ, ತಪ್ಪು ಮಾಡಿದ ಅಣ್ಣನಿಗೆ ಬುದ್ಧಿ ಹೇಳುವವಳ ಹಾಗೆ ದನಿ ತಗ್ಗಿಸಿದಳು.

“ಅನ್ನ ಹಾಕಿದ ಧಣಿ ಮ್ಯಾಲ ಹಂಗ ಸುಳ್ಳು ಹೇಳಬಾರದು ಯಣ್ಣಾ.”